ಎಸಳು ಬೀಳುವವರೆಗೆ

ಬಲದ ಎಸಳೂ ಬೀಳಬಾರದು, ಎಡದ ಎಸಳೂ ಬೀಳಬಾರದು ಎಂದು ಸುಶ್ಮಿತಾ ಊರ ದೇವಿ ಅಮ್ಮನವರ ಕಲ್ಲಿನ ಮುಂದೆ ಕೈಮುಗಿದು ಬೇಡಿಕೊಳ್ಳುತ್ತಿದ್ದಳು. ಆ ಗುಡಿಯಲ್ಲಿ ಇಂಥ ಬೇಡಿಕೆಯನ್ನು ಹಿಂದೆ ಯಾರೂ ಇಟ್ಟಿರಲಾರರು. ಬರುವವರೆಲ್ಲ ಒಂದಲ್ಲ ಒಂದು ಬದಿಯನ್ನು ಮನಸ್ಸಿನಲ್ಲೇ ಆರಿಸಿಕೊಂಡು ಬರುವವರು. ಹೊಸ ಬೋಟನ್ನು ಈ ವರ್ಷ ನೀರಿಗಿಳಿಸಬಹುದೇ, ಮಗಳನ್ನು ಆ ಮನೆಗೆ ಕೊಡಬಹುದೇ ಎಂದು ಕೇಳಿ, ಕಲ್ಲಿನ ಎರಡು ಭುಜಗಳ ಮೇಲೆ ನೀರಿನಲ್ಲಿ ಅದ್ದಿ ಅಂಟಿಸಿದ ಕೇಪಳ ಹೂವಿನ ಎಸಳುಗಳಲ್ಲಿ ಯಾವುದು ಮೊದಲು ಜಾರುತ್ತದೆಂದು ಕಾದು ನಿಲ್ಲುವರು. ಬಲದ್ದು ಬಿದ್ದರೆ ಹೌದು, ಎಡದ್ದು ಬಿದ್ದರೆ ಅಲ್ಲ. ಅದಕ್ಕೆ ಪ್ರಸಾದ ಕೇಳುವುದು ಎನ್ನುತ್ತಾರೆ. ತೆಂಗಿನಗುಂಡಿ ಊರಿನ ದೋಣಿಮನೆಗಳಲ್ಲಿ ಪ್ರಸಾದ ಕೇಳದೆ ನಡೆದ ದೊಡ್ಡ ಕೆಲಸ ಕಡಿಮೆ. ಆದರೆ ಸುಶ್ಮಿತಾಳಿಗೆ ಇಂದು ಯಾವುದು ಬಿದ್ದರೂ ಕೇಡೇ. ಎಡದ್ದು ಬಿದ್ದರೆ ಅವಳು ದೂರದೇಶದ ಬಿಷ್ಕೆಕ್‌ನ ಕಾಲೇಜಿಗೆ ಮರಳುವಂತಿಲ್ಲ, ಡಾಕ್ಟರಿಕೆಯ ಓದು ಅರ್ಧಕ್ಕೇ ನಿಂತಂತೆ. ಬಲದ್ದು ಬಿದ್ದರೆ ಮರಳಬಹುದು. ಆದರೆ ಅದಕ್ಕೆ ಮೊದಲು ಈ ದೀಪವನ್ನು ಮುಟ್ಟಿ, ಇನ್ನೆಂದೂ ಬೆಟ್ಟ ಹತ್ತುವುದಿಲ್ಲವೆಂದು ಆಣೆ ಇಡಬೇಕು. ಆ ಆಣೆ ಸುಳ್ಳಾಗುತ್ತದೆಂಬುದು ಅವಳಿಗೆ ಈಗಲೇ ಗೊತ್ತಿತ್ತು.

ಪ್ರಶ್ನೆಯನ್ನು ಇಟ್ಟವನು ಅಪ್ಪ. ಮಳೆಗಾಲದಲ್ಲಿ ಮೀನುಗಾರಿಕೆಗೆ ಬಂದ್ ಇರುವುದರಿಂದ ಅವನ ಬೋಟು ದಡದ ಮೇಲೆ ತಾಡಪಾಲು ಹೊದ್ದು ಮಲಗಿತ್ತು. ಬೋಟಿಲ್ಲದ ದಿನಗಳಲ್ಲಿ ಬೋಟಿನ ಮುಖ್ಯಸ್ಥನಾದ ಅಪ್ಪ, ಸುಬ್ಬ ತಾಂಡೇಲ, ಬೇರೆಯವರ ಅಂಗಿ ತೊಟ್ಟವನ ಹಾಗೆ ಇರುತ್ತಿದ್ದ. ನೀರಿನ ಮೇಲೆ ಅವನು ಬಾಯಿ ತೆರೆಯುವುದೇ ಬೇಡ, ಗದ್ದ ಎತ್ತಿದ ಕಡೆಗೆ ಹುಡುಗರು ಬಲೆ ಬಿಡುತ್ತಾರೆ. ನೆಲದ ಮೇಲೆ ಮಾತ್ರ ಅವನು ಎಲ್ಲವನ್ನೂ ಇನ್ನೊಬ್ಬರನ್ನು ಕೇಳಿ ಮಾಡುವವನು. ಈಗಲೂ ಕಲ್ಲಿನ ಎದುರು ನಿಂತು, ಹೆಗಲ ಮೇಲಿನ ಟವೆಲನ್ನು ತೆಗೆದು ಕಂಕುಳಲ್ಲಿ ಇಟ್ಟುಕೊಂಡು, ಪಕ್ಕದ ಮನೆಯ ಹಿರಿಯಳೊಡನೆ ಮಾತಾಡುವಂತೆ ಹೇಳಿದ್ದ:

“ಅಮ್ಮಾ ತಾಯೇ, ಹುಡ್ಗಿ ಗುಡ್ಡ ಹತ್ತೂದ್ ಬಿಡ್ತೆ ಅಂತ ನಿನ್ನ ದೀಪ ಮುಟ್ಟಿ ಮಾತ್ ಕೊಡೂಕೆ ಬಂದದೆ. ಮಾತ್ ತಕಂಡು ಕಳ್ಸೂದು ನಿಂಗೆ ಒಪ್ಪಿಗೆ ಆದ್ರೆ ಬಲ ಕೊಡು. ಒಪ್ಪಿಗೆ ಇಲ್ಲ, ಮನೇಲೇ ಇರ್ಲಿ ಅಂದ್ರೆ ಎಡ ಕೊಡು. ನಂಗೆ ತಿಳೂದಿಲ್ಲ. ನೀನೇ ಹೇಳು.”

ನಂಗೆ ತಿಳೂದಿಲ್ಲ ಎಂಬ ಆ ಮಾತು ಸುಶ್ಮಿತಾಳ ಎದೆಯಲ್ಲಿ ಮೀನಿನ ಮುಳ್ಳಿನಂತೆ ಸಿಕ್ಕಿಕೊಂಡಿತ್ತು. ಗುಡಿಯೊಳಗಿದ್ದ ಐವರಲ್ಲಿ ಆ ಕಲ್ಲು ನಿಜವಾಗಿಯೂ ಉತ್ತರ ಕೊಡುತ್ತದೆಂದು ನಂಬಿ ಕೇಳಿದವನು ಅವನೊಬ್ಬನೇ ಎಂದು ಅವಳಿಗೆ ಅನ್ನಿಸಿತು. ಪೂಜಾರಿ ದೇವಪ್ಪ ನಂಬುತ್ತಾನೋ ಇಲ್ಲವೋ ಹೇಳುವುದು ಕಷ್ಟ. ಅವನು ಎಸಳು ಅಂಟಿಸಿ, ಒದ್ದೆ ಬೆರಳನ್ನು ಪಂಚೆಗೆ ಒರೆಸಿಕೊಂಡು, ಬಾಗಿಲ ಪಕ್ಕದ ಕಟ್ಟೆಯ ಮೇಲೆ ಕುಳಿತು ಕವಳದ ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಿದ್ದ. ಅಣ್ಣ ದಿನಕರ ಕಂಬಕ್ಕೆ ಒರಗಿ ಮೊಬೈಲನ್ನು ನೋಡುತ್ತಿದ್ದ. ಅಮ್ಮ ಮಾಸ್ತಮ್ಮ ಮಾತ್ರ ಮಗಳ ಮಗ್ಗುಲಿಗೇ ನಿಂತು, ಕಲ್ಲಿನ ಬಲಭುಜವನ್ನು ರೆಪ್ಪೆ ಬಡಿಯದೆ ನೋಡುತ್ತಿದ್ದಳು. ಅಮ್ಮನ ನೋಟದಲ್ಲಿ ಬೇಡಿಕೆಯ ಅಂಜಿಕೆ ಇರಲಿಲ್ಲ. ಒಲೆಯ ಮೇಲಿಟ್ಟ ಗಂಜಿ ಉಕ್ಕುವುದನ್ನು ಕಾಯುವವಳ ನಿಶ್ಚಿಂತೆ ಇತ್ತು. ಅದು ಏಕೆಂದು ಸುಶ್ಮಿತಾಳಿಗೆ ಆಗ ಹೊಳೆಯಲಿಲ್ಲ.

ಬೆಳಿಗ್ಗೆ ಬಾವಿಕಟ್ಟೆಯ ಹತ್ತಿರ ದಿನಕರ ಹೇಳಿದ್ದ, “ಡಾಕ್ಟರಾಗೂಕೆ ಹೋದೋಳು ಗುಡ್ಡ ಹತ್ತೂ ಆಡಾಗಿ ಬಂದೆ ಅಂತ ಪೇಟೇಲಿ ನಗಾಡ್ತ್ರು. ಎಂತಕೆ ಇಷ್ಟೆಲ್ಲ? ದೀಪ ಮುಟ್ಟು, ಬಿಡ್ತೆ ಅನ್ನು, ಆತು. ಅಲ್ಲಿ ಯಾರು ಕಾಣೂಕೆ ಬತ್ರು?”

“ಆಣೆ ಅಣ್ಣ ಅದು.”

“ಆಣೆ ತಪ್ಪಿದ್ರೆ ತಪ್ಪುಕಾಣಿಕೆ ಹಾಕಿದ್ರಾತು. ಬೇಕಾದ್ರೆ ಇಡಗುಂಜಿಗೂ ಹೋಗಿ ಪಂಚಕಜ್ಜಾಯ ಮಾಡ್ಸುವ. ದೇವ್ರಿಗೆ ನಮ್ಮಷ್ಟು ಸಿಟ್ಟಿಲ್ಲ ತಂಗಿ.”

ನಗುತ್ತಲೇ ಹೇಳಿದ್ದ. ಅವನಲ್ಲಿ ಕೆಟ್ಟತನವಿರಲಿಲ್ಲ, ಅದೇ ಅವಳನ್ನು ಕೆರಳಿಸಿದ್ದು. ಕೆಟ್ಟವನೊಬ್ಬ ಸುಳ್ಳು ಹೇಳೆಂದು ಒತ್ತಾಯಿಸಿದ್ದರೆ ಎದುರಿಸಿ ನಿಲ್ಲಬಹುದಿತ್ತು. ಇಲ್ಲಿ ಸುಳ್ಳು ಪ್ರೀತಿಯ ವೇಷದಲ್ಲಿ ಬಂದು, ತಟ್ಟೆಗೆ ಇನ್ನೊಂದು ಸೌಟು ಸಾರು ಹಾಕುವಷ್ಟು ಸಲೀಸಾಗಿ ಬಡಿಸಲ್ಪಡುತ್ತಿತ್ತು. ತಪ್ಪುಕಾಣಿಕೆ ಎಂಬುದನ್ನು ಹಿರಿಯರು ತಪ್ಪಿ ನಡೆದವನ ಪಶ್ಚಾತ್ತಾಪಕ್ಕೆಂದು ಇಟ್ಟಿದ್ದರೇ ಹೊರತು, ತಪ್ಪುವುದಕ್ಕೆ ಮೊದಲೇ ಕೊಳ್ಳುವ ಟಿಕೆಟ್ಟಾಗಿ ಅಲ್ಲ. ಹೀಗೆಂದು ಹೇಳಲು ಅವಳ ನಾಲಿಗೆಗೆ ಬಂದಿತ್ತು. ಹೇಳಲಿಲ್ಲ. ಹೇಳುವ ಹಕ್ಕು ತನಗೆಲ್ಲಿದೆ? ಈ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಸುಳ್ಳನ್ನು, ಎಲ್ಲರಿಗಿಂತ ಸಲೀಸಾಗಿ ಬಡಿಸಿದವಳು ತಾನೇ ಅಲ್ಲವೇ?

ಉಂಡ್ಯ ಮಗಾ, ಎಂದು ಅಮ್ಮ ದಿನವೂ ಫೋನಿನಲ್ಲಿ ಕೇಳುತ್ತಿದ್ದಳು. ಉಂಡೆ, ಎನ್ನುತ್ತಿದ್ದಳು ಸುಶ್ಮಿತಾ. ಹಾಸ್ಟೆಲಿನ ಕೋಣೆಯಲ್ಲಿ, ಗೋಡೆಗೆ ಮುಖಮಾಡಿ, ರಗ್ಗಿನೊಳಗೆ ಮುದುಡಿ ಮಲಗಿದಲ್ಲಿಂದಲೇ. ಎಂತ ಪಲ್ಯ? ಬಟಾಟೆ. ಕ್ಲಾಸು? ಆತು. ಆ ಎರಡನೆಯ ವರ್ಷದ ಚಳಿಗಾಲದಲ್ಲಿ ಅವಳು ಕ್ಲಾಸಿಗೆ ಹೋಗುವುದನ್ನು ಬಿಟ್ಟು ಎಷ್ಟು ಕಾಲವಾಗಿತ್ತೋ ಅವಳಿಗೇ ನೆನಪಿರಲಿಲ್ಲ. ಅದು ಸೋಮಾರಿತನವಾಗಿದ್ದರೆ ನಾಚಿಕೆಯಾದರೂ ಆಗುತ್ತಿತ್ತು. ಇದಕ್ಕೆ ಹೆಸರೇ ಇರಲಿಲ್ಲ. ಅಂಗರಚನೆಯ ಪರೀಕ್ಷೆಯಲ್ಲಿ, ಮೇಜಿನ ಮೇಲಿನ ಮೂಳೆಯನ್ನು ತೋರಿಸಿ ಪ್ರಾಧ್ಯಾಪಕಿ ರಷ್ಯನ್ನಿನಲ್ಲಿ ಏನನ್ನೋ ಕೇಳಿದಾಗ, ಉತ್ತರ ಗೊತ್ತಿದ್ದೂ ಬಾಯಿ ತೆರೆಯಲಾಗದೆ ನಿಂತಿದ್ದಳು. ಹಿಂದಿನ ಸಾಲಿನಲ್ಲಿ ಯಾರೋ ನಕ್ಕಿದ್ದರು. ಅಷ್ಟೇ ಆದದ್ದು. ಅಷ್ಟು ಸಣ್ಣದರಿಂದ ಮನುಷ್ಯ ಮುರಿಯಬಾರದು ಎಂದು ತನಗೆ ತಾನೇ ಹೇಳಿಕೊಂಡಷ್ಟೂ ಮುರಿದ ಸದ್ದು ಒಳಗೆ ಕೇಳುತ್ತಿತ್ತು. ಮೊದಲು ತರಗತಿ ತಪ್ಪಿತು, ಆಮೇಲೆ ಸ್ನಾನ ತಪ್ಪಿತು, ಆಮೇಲೆ ಊಟ. ಕಿಟಕಿಯ ದಪ್ಪ ಕಂದು ಪರದೆಯನ್ನು ಅವಳು ತೆರೆಯುತ್ತಿರಲಿಲ್ಲ. ಅದರಾಚೆ ಐದು ಮಹಡಿಯ ಆಳವಿದೆ ಎಂಬುದು ಮಾತ್ರ ಮಲಗಿದ್ದಾಗ ಸದಾ ನೆನಪಿರುತ್ತಿತ್ತು. ಆ ನೆನಪೇ ಒಂದು ಬಗೆಯ ಸಮಾಧಾನವಾಗತೊಡಗಿದ ದಿನ ಅವಳಿಗೆ ಮೊದಲ ಬಾರಿ ಹೆದರಿಕೆಯಾಯಿತು. ಆ ದಿನವೂ ಅಮ್ಮ ಕೇಳಿದ್ದಳು, ಉಂಡ್ಯ ಮಗಾ? ಉಂಡೆ.

“ಬಲದ್ದು ಅಲುಗ್ತಾ ಅದೆ,” ಎಂದ ದಿನಕರ, ಮೊಬೈಲಿನಿಂದ ತಲೆಯೆತ್ತಿ.

ಎಲ್ಲರೂ ನೋಡಿದರು. ಅಲುಗಿದ್ದು ದೀಪದ ನೆರಳು. ಎಸಳು ಅಲ್ಲೇ ಇತ್ತು. ಹೊರಗೆ ಮಳೆ ಬಿಟ್ಟು ಹೊಳವಾಗಿತ್ತು. ಗುಡಿ ಇರುವುದು ಕಡಲದಂಡೆಯಿಂದ ಸ್ವಲ್ಪವೇ ಎತ್ತರದ ಚಿರೇಕಲ್ಲಿನ ದಿಬ್ಬದ ಮೇಲೆ. ಅಪ್ಪ ತನ್ನ ಜೀವಮಾನದಲ್ಲಿ ಇದಕ್ಕಿಂತ ಎತ್ತರಕ್ಕೆ ಕಾಲಿಟ್ಟವನಲ್ಲ. ಆದರೆ ಮೂಡಣದ ಬೆಟ್ಟಗಳ ಸಾಲನ್ನು ಅವನಷ್ಟು ನೋಡಿದವರೂ ಇಲ್ಲ. ಕಡಲಿನಲ್ಲಿ ಬಹಳ ದೂರ ಹೋದಾಗ ದಡ ಮೊದಲು ಮುಳುಗುತ್ತದೆ, ಆಮೇಲೆ ತೆಂಗಿನ ತಲೆಗಳು. ಬೆಟ್ಟ ಮಾತ್ರ ಉಳಿಯುತ್ತದೆ. ಜಿಪಿಎಸ್ ಬಂದ ಮೇಲೂ ಅಪ್ಪ, ಎದುರಿನ ಬೋಳುಗುಡ್ಡದ ಭುಜದ ಮೇಲೆ ಹಿಂದಿನ ಕೋಡುಗುಡ್ಡ ಕೂತಿತೋ ಇಲ್ಲವೋ ಎಂದು ನೋಡಿಯೇ ಬೋಟನ್ನು ಅಳಿವೆಗೆ ತಿರುಗಿಸುವವನು. ಚಿಕ್ಕವಳಿದ್ದಾಗ ಅವಳು ಕೇಳಿದ್ದಳು, ಆ ಗುಡ್ಡದ ಮೇಲೆ ಎಂತ ಇದೆ ಅಪ್ಪ? ಅವನು ಬಲೆಯ ಕಣ್ಣನ್ನು ಕಟ್ಟುತ್ತ ಹೇಳಿದ್ದ, ಮೇಲೆ ಎಂತ ಇದೆಯೋ, ಗುಡ್ಡ ಇರೂದು ಕಾಣೂಕೆ, ಹತ್ತೂಕಲ್ಲ.

ಬಿಷ್ಕೆಕ್‌ನಲ್ಲಿಯೂ ಬೆಟ್ಟ ಮೊದಲು ಅವಳಿಗೆ ಕಾಣುವುದಕ್ಕೇ ಬಂದಿತ್ತು. ಚಳಿಗಾಲ ಮುಗಿಯುವ ಹೊತ್ತಿಗೆ ಹಾಸ್ಟೆಲನ್ನು ನೋಡಿಕೊಳ್ಳುವ ಹೆಂಗಸು, ಗುಲ್ನಾರಾ ಎಂಬ ದಪ್ಪ ಮೈಯ ಸಿಡುಕಿ, ಕದ ತಟ್ಟದೆಯೇ ಒಳಗೆ ಬಂದು, ಮಲಗಿದ್ದವಳತ್ತ ಒಮ್ಮೆ ನೋಡಿ, ಸ್ಟೂಲನ್ನು ಎಳೆದು ಹತ್ತಿ, ಪರದೆಯನ್ನು ಒಗೆಯಲೆಂದು ಕಳಚಿಕೊಂಡು ಹೋದಳು. ಒಂದು ಮಾತೂ ಆಡಲಿಲ್ಲ. ಪರದೆ ಹೋದ ಕಿಟಕಿಯ ತುಂಬ ಬೆಟ್ಟ ನಿಂತಿತ್ತು. ಅಷ್ಟು ಬೆಳ್ಳಗೆ, ಅಷ್ಟು ಹತ್ತಿರ, ತನ್ನ ಮಂಚದ ಕಾಲಿಗೇ ಅದರ ಬುಡ ತಾಗಿದೆಯೇನೋ ಎನ್ನುವಂತೆ. ಸುಶ್ಮಿತಾ ರಗ್ಗಿನಿಂದ ಮುಖವನ್ನು ಮುಚ್ಚಿಕೊಂಡಳು. ಮುಚ್ಚಿಕೊಂಡರೂ ಅದು ಅಲ್ಲಿದೆ ಎಂದು ತಿಳಿಯುತ್ತಿತ್ತು. ಇಷ್ಟು ದಿನ ಪರದೆಯ ಆಚೆಗೆ ಆಳವೊಂದೇ ಇದೆ ಎಂದುಕೊಂಡಿದ್ದಳಲ್ಲ, ಎತ್ತರವೂ ಇತ್ತು. ಪರದೆ ಒಣಗಿ ಮರಳಿ ಬಂದಾಗ, ಅದನ್ನು ತೂಗಹಾಕಬೇಡವೆಂದು ಗುಲ್ನಾರಾಳಿಗೆ ಹೇಳಲು ಅವಳು ಎದ್ದು ನಿಂತಳು. ಬಹಳ ದಿನಗಳ ನಂತರ ಅವಳು ತಾನಾಗಿ ಎದ್ದು ನಿಂತದ್ದು ಅದಕ್ಕೆ.

ಹತ್ತಿದ್ದು ಆಮೇಲೆ. ಪಕ್ಕದ ಕೋಣೆಯ ಶ್ರೇಯಾ, ಕುಮಟೆಯ ಹತ್ತಿರ ಮಿರ್ಜಾನದ ಹುಡುಗಿ, ರವಿವಾರ ರವಿವಾರ ವ್ಯಾನಿನಲ್ಲಿ ಕಣಿವೆಯ ಬಾಯಿಯವರೆಗೆ ಹೋಗಿ ನಡೆಯುವ ಗುಂಪಿನಲ್ಲಿದ್ದಳು. ಮೊದಲ ಸಲ ಸುಶ್ಮಿತಾ ಎಲ್ಲರಿಗಿಂತ ಹಿಂದೆ ಬಿದ್ದು, ಬಂಡೆಯ ಮೇಲೆ ಕೂತು, ವಾಂತಿ ಮಾಡಿಕೊಂಡಿದ್ದಳು. ಎದೆ ಹೊಡೆದುಕೊಳ್ಳುತ್ತಿತ್ತು, ತೊಡೆ ನಡುಗುತ್ತಿತ್ತು. ಆದರೆ ಆ ನಡುಕಕ್ಕೆ ಒಂದು ಕಾರಣವಿತ್ತು, ಕಣ್ಣಿಗೆ ಕಾಣುವ ಕಾರಣ. ಕಾರಣವಿಲ್ಲದ ನಡುಕವನ್ನು ತಿಂಗಳುಗಟ್ಟಲೆ ಹೊತ್ತವಳಿಗೆ ಅದೇ ದೊಡ್ಡ ಉಪಕಾರ. ಅಂದು ಸಂಜೆ ಹಸಿವಾಯಿತು. ಅವಳು ಉಂಡಳು, ಉಂಡೆ ಎಂದು ಹೇಳಿದಳು, ಹೇಳಿದ ಮೇಲೆ ಫೋನನ್ನು ಹಿಡಿದುಕೊಂಡು ಅತ್ತಳು. ಸೋಮವಾರ ಕ್ಲಾಸಿಗೆ ಹೋದಳು. ರವಿವಾರದ ಬೆಟ್ಟ ಉಳಿದ ವಾರವನ್ನು ಹೊತ್ತುಕೊಂಡು ನಡೆಯತೊಡಗಿತು. ಬಿಟ್ಟುಹೋದ ಪರೀಕ್ಷೆಯನ್ನು ಮತ್ತೆ ಬರೆದಳು, ಅದೇ ಪ್ರಾಧ್ಯಾಪಕಿಯ ಮುಂದೆ, ಅದೇ ಮೂಳೆಯನ್ನು ಕೈಯಲ್ಲಿ ಹಿಡಿದು, ತಡವರಿಸುವ ರಷ್ಯನ್ನಿನಲ್ಲಿ ಉತ್ತರ ಹೇಳಿದಳು. ಇದು ಯಾವುದೂ ಮನೆಯಲ್ಲಿ ಗೊತ್ತಿಲ್ಲ. ಗೊತ್ತಿರುವುದು ಒಂದು ಫೋಟೋ ಮಾತ್ರ. ಹಿಮದ ಮೇಲೆ ದೊಗಲೆ ಪ್ಯಾಂಟು ತೊಟ್ಟು, ಯಾರ್‍ಯಾರದೋ ನಡುವೆ, ಬಾಯಿತುಂಬ ನಗುತ್ತಿರುವ ಸುಶ್ಮಿತಾ. ಶ್ರೇಯಾಳ ಚಿಕ್ಕಮ್ಮನಿಂದ ಹೊನ್ನಾವರದ ಯಾರಿಗೋ, ಅವರಿಂದ ಭಟ್ಕಳದ ಮೀನುಪೇಟೆಗೆ ಅದು ಬಂದಿತ್ತು. ಅದೇ ವಾರ ಟಿವಿಯಲ್ಲಿ, ಅದೇ ದೇಶದಲ್ಲಿ ಓದುತ್ತಿದ್ದ ಎಲ್ಲಿಯದೋ ಹುಡುಗನೊಬ್ಬ ಹಿಮದಲ್ಲಿ ಜಾರಿ ಸತ್ತ ಸುದ್ದಿಯನ್ನು ಅಪ್ಪ ನೋಡಿದ್ದ. ಅಂದಿನಿಂದ ಅವನು ಟಿವಿಯ ಮುಂದೆ ಕೂರುವುದನ್ನೇ ಬಿಟ್ಟನಂತೆ.

ಅಪ್ಪನ ಹೆದರಿಕೆ ಸುಳ್ಳಲ್ಲ. ಸುಶ್ಮಿತಾಳಿಗೆ ಅದು ಗೊತ್ತಿತ್ತು, ಹಾಗಾಗಿಯೇ ಆಣೆಯ ಮಾತು ಅಷ್ಟು ಭಾರ. ಅವಳೂ ಒಮ್ಮೆ ಸಾಯುವುದರ ಹತ್ತಿರ ಹೋಗಿದ್ದಳು, ಅದೂ ಈ ಗುಡಿಯಲ್ಲಿ ಕಲಿತ ವಿದ್ಯೆಯಿಂದಲೇ. ಮರುವರ್ಷದ ಚಳಿಗಾಲದ ಮೊದಲಿಗೆ ಅವಳು ಮತ್ತು ಶ್ರೇಯಾ ಗುಂಪಿನಿಂದ ಹಿಂದುಳಿದಿದ್ದರು. ಮಂಜು ಬಂದು ಮುಚ್ಚಿತು. ದಾರಿ ಎರಡಾಗಿ ಒಡೆದಿತ್ತು, ಯಾವುದು ಇಳಿಯುತ್ತದೆಂದು ಕಾಣುತ್ತಿರಲಿಲ್ಲ. ಆಗ ಸುಶ್ಮಿತಾ, ಡಾಕ್ಟರಾಗಲು ಹೊರಟವಳು, ಬಂಡೆಯ ಸಂದಿನಲ್ಲಿ ಬಾಡುತ್ತಿದ್ದ ಹಳದಿ ಹೂವಿನಿಂದ ಎರಡು ಎಸಳನ್ನು ಕಿತ್ತು, ಬಾಟಲಿಯ ನೀರಿನಲ್ಲಿ ಅದ್ದಿ, ಎದುರಿನ ಕಲ್ಲಿಗೆ ಅಂಟಿಸಿದಳು. ಅಮ್ಮಾ, ಬಲದ ದಾರಿಯೋ ಎಡದ ದಾರಿಯೋ, ಹೇಳು. ನಗಬೇಕಾದದ್ದೇ, ಆದರೆ ಆಗ ಅವಳಿಗೆ ನಗುವಿರಲಿಲ್ಲ, ಪೂರ್ಣ ಭಕ್ತಿಯಿತ್ತು. ಇಬ್ಬರೂ ಕಾದರು. ಗಾಳಿ ಬೀಸಿತು, ಎಸಳು ಬೀಳಲಿಲ್ಲ. ಬೆರಳುಗಳು ಬಿಳಿಚಿದವು, ಬೀಳಲಿಲ್ಲ.

“ಬಿತ್ತನೇ?” ಎಂದು ಶ್ರೇಯಾ ಕೇಳುತ್ತಿದ್ದಳು, ಕೈಗಳನ್ನು ಕಂಕುಳಲ್ಲಿ ಹುದುಗಿಸಿಕೊಂಡು. “ನಂಗೆ ಬೆರಳು ಇದ್ದೋ ಇಲ್ಯೋ ಗೊತ್ತಾಗ್ತಿಲ್ಲೆ ಮಾರಾಯ್ತಿ. ನಿಮ್ಮ ಅಮ್ಮನೋರಿಗೆ ಇಷ್ಟು ದೂರ ಕೇಳ್ತಿಲ್ಲೆ.”

ಮುಟ್ಟಿ ನೋಡಿದಾಗ ಎಸಳುಗಳು ಕಲ್ಲಿಗೆ ಹೆಪ್ಪುಗಟ್ಟಿ ಹೋಗಿದ್ದವು. ಉಗುರಿನಿಂದ ಕೆರೆದರೂ ಏಳದಂತೆ. ವಸಂತದವರೆಗೆ ಕಾದಿದ್ದರೆ ಉತ್ತರ ಬರುತ್ತಿತ್ತೇನೋ. ಆ ಕ್ಷಣದಲ್ಲಿ ಸುಶ್ಮಿತಾಳಿಗೆ ಆದದ್ದು ದೇವರ ಮೇಲಿನ ಸಿಟ್ಟಲ್ಲ. ತಾನು ಇಷ್ಟು ದಿನ ಎಸಳಿನ ಹಿಂದೆ ಅಡಗಿ ನಿಂತಿದ್ದೆನೆಂಬ, ಬೆತ್ತಲಾದಂಥ ನಾಚಿಕೆ. ಅವಳು ಕಣ್ಣು ಮುಚ್ಚಿ ಕೇಳಿದಳು. ಎಡಗಡೆ ಕೆಳಗೆ ಎಲ್ಲೋ ನೀರು ಹರಿಯುವ ಸದ್ದಿತ್ತು. ಶ್ರೇಯಾಳ ತೋಳನ್ನು ಹಿಡಿದು ಆ ಸದ್ದಿನ ಜಾಡಿನಲ್ಲಿ ಇಳಿದಳು. ಅದು ಅವಳ ತೀರ್ಮಾನ, ಅವಳದೊಬ್ಬಳದೇ.

ಮತ್ತೆ ಇದೇ ಕಲ್ಲಿನ ಮುಂದೆ ಬಂದು ನಿಂತಿದ್ದೇನಲ್ಲ ಎಂದುಕೊಂಡಳು. ಇಲ್ಲಿ ಹೆಪ್ಪುಗಟ್ಟುವ ಭಾಗ್ಯವೂ ಇಲ್ಲ.

“ಸುಮ್ನೆ ಎಂತಕೆ ಹೆದ್ರೂದು?” ಅಮ್ಮ ಅವಳ ಕಿವಿಯ ಹತ್ತಿರ ಬಂದು ಪಿಸುಗುಟ್ಟಿದಳು. “ಬಲದ್ದೇ ಬೀಳ್ತದೆ. ನಾನು ದೇವಪ್ಪಣ್ಣಂಗೆ ಹೇಳೀನೆ.”

“ಎಂತ ಹೇಳಿದ್ದು?”

“ಬಲದ್ದಕ್ಕೆ ನೀರು ಕಮ್ಮಿ ಮುಟ್ಸೂಕೆ. ಒಂದ್ ಚೂರು ಅಷ್ಟೆ. ನಿನ್ನ ಓದು ಹಾಳಾಗೂದು ಬ್ಯಾಡ ಮಗಾ. ಬಿದ್ದ ಕೂಡ್ಲೆ ದೀಪ ಮುಟ್ಟು, ಒಂದ್ ಮಾತು ಹೇಳ್ಬಿಡು. ಅಪ್ಪನ ಜೀವಕ್ಕೂ ತಂಪಾತದೆ.”

ಸುಶ್ಮಿತಾ ಕಲ್ಲನ್ನು ನೋಡಿದಳು. ಎಡದ ಎಸಳು ನೀರಿನಲ್ಲಿ ಮಿಂದು, ಕಲ್ಲಿಗೆ ಚರ್ಮದಂತೆ ಅಂಟಿತ್ತು. ಬಲದ್ದು ಅಂಚಿನಲ್ಲಿ ಒಣಗಿ ಸುರುಟಿಕೊಳ್ಳುತ್ತಿತ್ತು, ಒಂದು ತುದಿಯಿಂದ ಮಾತ್ರ ಹಿಡಿದಿತ್ತು. ಬಾಗಿಲ ಪಕ್ಕ ದೇವಪ್ಪ ಕವಳವನ್ನು ದವಡೆಗೆ ತಳ್ಳಿ ಎತ್ತಲೋ ನೋಡಿದ. ಅಪ್ಪ ಕಣ್ಣು ಮುಚ್ಚಿ, ತುಟಿಯನ್ನು ಮಾತ್ರ ಅಲ್ಲಾಡಿಸುತ್ತ ನಿಂತಿದ್ದ. ಈ ಗುಡಿಯೊಳಗೆ ಎಲ್ಲರೂ ಕೂಡಿ ಒಬ್ಬನಿಗೆ ಮೋಸ ಮಾಡುತ್ತಿದ್ದರು. ಮೋಸಹೋಗುತ್ತಿದ್ದವನು ಒಬ್ಬನೇ ಒಬ್ಬ ನಂಬಿದವನು. ಪ್ರೀತಿಯಿಂದ ಮಾಡಿದ ಮೋಸಕ್ಕೆ ಪಾಪ ಹತ್ತುವುದಿಲ್ಲವೆಂದು ಈ ಊರಿಗೆ ಯಾರು ಕಲಿಸಿದರು? ಸುಳ್ಳೊಂದು ಹೊರೆ ಇಳಿಸುತ್ತದೆಂದು ಎಲ್ಲರೂ ತಿಳಿದಿದ್ದಾರೆ. ಆ ಹೊರೆ ಇನ್ನೊಬ್ಬರ ತಲೆಗೆ ಹೋಗಿ ಕೂರುತ್ತದೆಂಬುದನ್ನು ಯಾರೂ ನೋಡುವುದಿಲ್ಲ. ಅವಳಿಗೆ ಅಮ್ಮನ ಮೇಲೆ ಬಂದ ಸಿಟ್ಟು ಅರ್ಧದಾರಿಯಲ್ಲಿ ತಿರುಗಿ ತನ್ನ ಮೇಲೆಯೇ ಬಂತು. ಅಮ್ಮ ಒಂದು ಎಸಳಿಗೆ ನೀರು ಕಡಿಮೆ ಮಾಡಿಸಿದ್ದಳು. ತಾನು ಒಂದು ಚಳಿಗಾಲವನ್ನೇ ಮರೆಮಾಡಿದ್ದಳು. ಬಲದ ಎಸಳಿನ ಹಿಡಿದಿದ್ದ ತುದಿಯೂ ಸುರುಟತೊಡಗಿತು. ಈಗ ಹೇಳಬೇಕು. ಬಿದ್ದ ಮೇಲೆ ಹೇಳಿದರೆ ಅದು ತಪ್ಪಿಸಿಕೊಳ್ಳುವ ಮಾತಾಗುತ್ತದೆ.

“ಅಪ್ಪ,” ಎಂದಳು. ದನಿ ತನ್ನದಲ್ಲವೆಂಬಂತೆ ದೊಡ್ಡದಾಗಿ ಬಂತು. “ನಾನು ದೀಪ ಮುಟ್ಟೂದಿಲ್ಲ. ಗುಡ್ಡ ಹತ್ತೂದು ನಾನು ಬಿಡೂದಿಲ್ಲ ಅಪ್ಪ. ಬಿಡ್ತೆ ಅಂದ್ರೆ ಅದು ಸುಳ್ಳು.”

ಅಪ್ಪ ಕಣ್ಣು ತೆರೆದ.

“ತಲೆ ಸರಿ ಅದ್ಯಾ ನಿಂಗೆ?” ದಿನಕರ ಕಂಬವನ್ನು ಬಿಟ್ಟು ಮುಂದೆ ಬಂದ. “ದೇವ್ರ ಎದುರಿಗೆ...”

“ದೇವ್ರ ಎದುರಿಗೆ ಅಂತಲೇ ಹೇಳೂದು.” ಅವಳು ಅಪ್ಪನನ್ನೇ ನೋಡುತ್ತ ಮುಂದುವರಿಸಿದಳು. ನಿಲ್ಲಿಸಿದರೆ ಮತ್ತೆ ಬಾಯಿ ತೆರೆಯಲಾಗದೆಂದು ಹೆದರಿ ಬೇಗ ಬೇಗ ಹೇಳಿದಳು. ಕ್ಲಾಸಿಗೆ ಹೋಗದೆ ಮಲಗಿದ್ದು, ಉಣ್ಣದೆ ಉಂಡೆನೆಂದದ್ದು, ಪರದೆ, ಅದರಾಚೆಯ ಆಳ, ಆ ಆಳ ಕರೆಯತೊಡಗಿದ ದಿನ. ಅದನ್ನು ಹೇಳುವಾಗ ಪದಗಳು ಸಿಗದೆ, “ಅಲ್ಲಿಂದ ಕೆಳಗೆ ಹೋಗ್ಬಿಡುವ ಅಂತ ಕಂಡಿತ್ತು” ಎಂದಷ್ಟೇ ಹೇಳಿದಳು. ಆಮೇಲೆ ಬೆಟ್ಟ, ಹಸಿವು, ಮೂಳೆ ಹಿಡಿದು ಉತ್ತರ ಹೇಳಿದ್ದು. “ನನ್ನ ಫೋಟೋ ಎಲ್ಲಾರೂ ಕಂಡ್ರಿ. ಅದ್ರಾಗೆ ನಾನು ನಗಾಡಿದ್ದು ಎಂತಕೆ ಅಂತ ಯಾರೂ ಕೇಳ್ಲಿಲ್ಲ. ಅಲ್ಲಿ ಜಾರಿ ಸತ್ರೂ ಸತ್ತೆ, ಹೌದು. ಹತ್ತದೇ ಹೋದ್ರೆ ಕೋಣೇಲೇ ಸಾಯ್ತಿದ್ದೆ. ಮನೇಲೇ ಇರು ಅಂದ್ರೆ ಇರ್ತೆ ಅಪ್ಪ. ಸುಳ್ಳು ಹೇಳಿ ಹೋಗೂದಿಲ್ಲ.”

ಕಡಲಿನ ಸದ್ದು ಗುಡಿಯೊಳಗೆ ಬಂದು ಹೋಯಿತು. ಮೊದಲು ಮಾತಾಡಿದವಳು ಅಮ್ಮ. ಬೆಟ್ಟದ ಬಗ್ಗೆ ಅಲ್ಲ, ಕಿಟಕಿಯ ಬಗ್ಗೆಯೂ ಅಲ್ಲ.

“ಉಂಡೆ ಅಂದದ್ದು ಸುಳ್ಳಾ?”

“ಹೌದು ಅಮ್ಮ.”

“ಬಟಾಟೆ ಪಲ್ಯ ಅಂದದ್ದು?”

ಅದೂ ಹೌದೆಂದು ಸುಶ್ಮಿತಾ ತಲೆಯಾಡಿಸಿದಳು.

“ನೀನು ಉಂಡೆ ಅಂದ್ಮೇಲೇ ನಾನು ತಟ್ಟೆ ಹಾಕ್ಕಂಡು ಕೂರ್‍ತಿದ್ದೆ,” ಎಂದಳು ಅಮ್ಮ. ಗದರಿಸಲಿಲ್ಲ, ಅಳಲಿಲ್ಲ. ಅಷ್ಟು ದಿನಗಳ ಆ ಅನ್ನ ಈಗ ಹೊಟ್ಟೆಯಲ್ಲಿ ಕಲ್ಲಾಗುತ್ತಿದೆಯೆಂಬಂತೆ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, ಮುಖವನ್ನು ಬೇರೆ ಕಡೆಗೆ ತಿರುಗಿಸಿದಳು. ಸುಶ್ಮಿತಾ ಅವಳ ಕೈಯನ್ನು ಹಿಡಿಯಲು ಹೋದಳು. ಅಮ್ಮ ಕೊಡಲಿಲ್ಲ. ಇದಕ್ಕೆ ಯಾವ ತಪ್ಪುಕಾಣಿಕೆಯೂ ಸಾಲದೆಂದು ಅವಳಿಗೆ ತಿಳಿಯಿತು. ಸತ್ಯ ಹೇಳಿದವರಿಗೆ ಹಗುರಾಗುತ್ತದೆ ಎನ್ನುತ್ತಾರೆ. ಹಗುರಾದದ್ದು ಅವಳೊಬ್ಬಳಿಗೆ, ಆ ಭಾರವೆಲ್ಲ ಅಮ್ಮನ ಹೆಗಲು ಬಗ್ಗುವಂತೆ ಅಲ್ಲಿಗೆ ಹೋಗಿತ್ತು.

“ಪ್ರಸಾದ ಆತು,” ಎಂದ ದೇವಪ್ಪ ಬಾಗಿಲ ಕಟ್ಟೆಯಿಂದ ಎದ್ದು.

ಎಲ್ಲರೂ ತಿರುಗಿ ನೋಡಿದರು. ಕಲ್ಲಿನ ಎರಡು ಭುಜಗಳೂ ಬರಿದಾಗಿದ್ದವು. ಎರಡೂ ಎಸಳುಗಳು ಕೆಳಗೆ, ದೀಪದ ಬುಡದಲ್ಲಿ, ಎಣ್ಣೆಯ ಜಿಡ್ಡಿನ ಮೇಲೆ ಒಂದರ ಹತ್ತಿರ ಒಂದು ಬಿದ್ದಿದ್ದವು. ಯಾವುದು ಮೊದಲು ಜಾರಿತ್ತೆಂದು ಯಾರೂ ಕಂಡಿರಲಿಲ್ಲ. ಎಲ್ಲರ ಕಣ್ಣೂ ಸುಶ್ಮಿತಾಳ ಮೇಲಿತ್ತು.

“ಯಾವ್ದು ಮೊದ್ಲು?” ದಿನಕರ ಕೇಳಿದ.

“ನಾನು ಎಲ್ಲಿ ಕಂಡೆ? ಹುಡ್ಗಿ ಮಾತು ಕೇಳ್ತಾ ಇದ್ದೆ,” ಎಂದ ದೇವಪ್ಪ, ಕವಳದ ಬಾಯಲ್ಲಿ. ಮಾಸ್ತಮ್ಮನತ್ತ ಒಮ್ಮೆ ನೋಡಿ, ನೋಟ ತಪ್ಪಿಸಿ, ಹೂವಿನ ಬಟ್ಟಲಿಗೆ ಕೈ ಹಾಕಿದ. “ಇನ್ನೊಂದ್ ಸಲ ಇಡ್ತೆ ತಾಂಡೇಲ್ರೇ. ಈ ಸಲ ಎಲ್ಲಾರೂ ಕಂಡ್ಕಂಡೇ ಇರಿ.”

“ಬ್ಯಾಡ,” ಎಂದ ಅಪ್ಪ.

ಅವನು ಟವೆಲನ್ನು ಕಂಕುಳಿನಿಂದ ತೆಗೆದು ಹೆಗಲಿಗೆ ಹಾಕಿಕೊಂಡ. ಗುಡಿಯ ಬಾಗಿಲಿಗೆ ಹೋಗಿ ಮೂಡಣಕ್ಕೆ ಮುಖಮಾಡಿ ನಿಂತ. ಬೆಟ್ಟಗಳು ಇರಬೇಕಾದ ಕಡೆ ಮೋಡವಷ್ಟೇ ಇತ್ತು. ಬೋಳುಗುಡ್ಡವೂ ಇಲ್ಲ, ಅದರ ಭುಜದ ಮೇಲೆ ಕೂರುವ ಕೋಡೂ ಇಲ್ಲ. ಸುಶ್ಮಿತಾ ಅವನ ಹಿಂದೆ ಹೋಗಿ ನಿಂತಳು. ಬೈಗುಳವನ್ನು ಕಾಯುತ್ತಿದ್ದಳು, ಬೇಕಾಗಿಯೂ ಇತ್ತು.

“ಮಂಜು ಮುಚ್ಚಿದ್ರೆ ಎಂತ ಗುರುತು ಹಿಡೀತೆ?” ಎಂದ ಅಪ್ಪ, ತಿರುಗದೆ.

“ಒಂದ್ಸಲ ಮುಚ್ಚಿತ್ತು. ನೀರಿನ ಸಪ್ಪಳ ಹಿಡ್ಕಂಡು ಇಳ್ದೆ. ಹಳ್ಳ ಕೆಳಗೇ ಹೋತದಲ್ಲ ಅಪ್ಪ.”

“ಹಳ್ಳ ದರೆ ಮೇಲಿಂದ ಹಾರೂದಿಲ್ವಾ?”

ಹಳ್ಳ ಕಡಿದಾದ ದರೆಯಿಂದ ಧುಮುಕಿದರೆ ಅದರ ಜಾಡು ಹಿಡಿದವರೂ ಬೀಳುತ್ತಾರೆಂಬುದು ಅಂದು ಅವಳಿಗೆ ಹೊಳೆದಿರಲಿಲ್ಲ. ಹೊಳೆದದ್ದು ಹಾಸ್ಟೆಲಿಗೆ ಮರಳಿದ ಮೇಲೆ, ಹಾಸಿಗೆಯಲ್ಲಿ, ಮೈಯೆಲ್ಲ ಬೆವರಿ. ಇಲ್ಲವೆಂದರೆ ಅಪ್ಪ ನಂಬುತ್ತಿದ್ದ. ಬೆಟ್ಟದ ಸಂಗತಿ ಅವನಿಗೆ ತಿಳಿಯದು, ಮಗಳು ಹೇಳಿದ್ದೇ ಸತ್ಯ. ಒಂದು ಸಣ್ಣ ಇಲ್ಲ. ಅಷ್ಟು ದೂರ ಬಂದ ಮೇಲೂ ಸುಳ್ಳು ಹೊಸ್ತಿಲಲ್ಲೇ ಕಾದು ನಿಂತಿತ್ತು.

“ಹಾರ್ತದೆ,” ಎಂದಳು. “ಅವತ್ತು ಹಾರ್ಲಿಲ್ಲ, ಅಷ್ಟೆ.”

ಅಪ್ಪ ಆಗ ತಿರುಗಿ ಅವಳನ್ನು ನೋಡಿದ. ಬೋಟಿಗೆ ಹೊಸದಾಗಿ ಬಂದ ಹುಡುಗನನ್ನು ನೋಡುವ ನೋಟ, ಇವನು ತಡೆದುಕೊಂಡಾನೋ ಇಲ್ಲವೋ ಎಂದು ತೂಗುವ ನೋಟ.

“ದಾರಿ ಬಲ್ಲೋರ ಸಂಗ್ಡ ಹೋಗೂದು. ಹಿಂದೆ ಉಳ್ಯೂದಲ್ಲ,” ಎಂದ. ಆಮೇಲೆ ಹೇಳಿದ, “ಇನ್ಮೇಲೆ ಫೋನು ನಾನೂ ಮಾಡ್ತೆ. ಎಲ್ಲಿದ್ದೆ ಅಂತ ಕೇಳ್ತೆ. ಎಲ್ಲಿದ್ಯೋ ಅದನ್ನೇ ಹೇಳೂದು. ಆ ಕಿಟಕಿ ಹತ್ರ ಇದ್ರೆ ಹಂಗೇ ಹೇಳೂದು.”

“ಹೇಳ್ತೆ.”

ಕಳಿಸುತ್ತೇನೆ ಎಂದು ಅವನು ಬಾಯಿಬಿಟ್ಟು ಹೇಳಲಿಲ್ಲ. ಚಪ್ಪಲಿ ಮೆಟ್ಟಿಕೊಂಡು, ಪಾಚಿಗಟ್ಟಿದ ಮೆಟ್ಟಿಲುಗಳನ್ನು ಇಳಿಯತೊಡಗಿದ, ಒಂದೊಂದಕ್ಕೂ ಕಾಲನ್ನು ಮೊದಲು ಇಟ್ಟು ನೋಡಿ ಆಮೇಲೆ ಭಾರ ಬಿಡುತ್ತ. ದಿನಕರ ಏನೋ ಗೊಣಗುತ್ತ ಅವನ ಹಿಂದೆ ಹೋದ. ಅಮ್ಮ ಒಳಗಿಂದ ಬಂದಳು. ದೀಪದ ಬುಡದಿಂದ ಎತ್ತಿಕೊಂಡ ಎರಡು ಎಸಳುಗಳು ಅವಳ ಬೆರಳುಗಳ ನಡುವೆ ಎಣ್ಣೆಯಲ್ಲಿ ಒಂದಕ್ಕೊಂದು ಅಂಟಿಕೊಂಡಿದ್ದವು. ಅವನ್ನು ಎಸೆಯಲೂ ಇಲ್ಲ, ಮುಡಿಯಲೂ ಇಲ್ಲ. ಮಗಳ ಮುಖವನ್ನು ನೋಡದೆ, ಪಕ್ಕದಿಂದ ದಾಟಿ, ಎರಡು ಮೆಟ್ಟಿಲು ಇಳಿದು, ಬೆನ್ನು ತೋರಿಸಿಕೊಂಡೇ ನಿಂತಳು. ಪ್ರಸಾದಕ್ಕೆಂದು ಬೆಳಗಿನಿಂದ ಮನೆಯಲ್ಲಿ ಯಾರೂ ಏನನ್ನೂ ತಿಂದಿರಲಿಲ್ಲ.

“ಹಸಿವು ಆತದ್ಯಾ?” ಎಂದಳು.

ಸುಶ್ಮಿತಾ ಉತ್ತರ ಕೊಡುವ ಮೊದಲು ಹೊಟ್ಟೆಯನ್ನು ನಿಜವಾಗಿ ಕೇಳಿಕೊಂಡಳು.

“ಆತದೆ ಅಮ್ಮ.”

ಅಮ್ಮ ಆ ಮಾತನ್ನು ಕೂಡಲೇ ಒಪ್ಪಲಿಲ್ಲ. ತಿರುಗಿ, ಬಹಳ ಹೊತ್ತು, ಮೀನಿನ ಕಿವಿರನ್ನು ಎತ್ತಿ ತಾಜಾವೋ ಅಲ್ಲವೋ ಎಂದು ನೋಡುವಂತೆ, ಅವಳ ಮುಖವನ್ನು ನೋಡಿದಳು. ಆಮೇಲೆ ಇಳಿಯತೊಡಗಿದಳು.